ಕೋಟಿ ಎಷ್ಟು ಅಂತ ಕೇಳುವುದನ್ನು ಬಿಡಿ

ಇವತ್ತು ಜಾಲತಾಣದಲ್ಲಿ ಮತ್ತೆ ಅದೇ ಸುದ್ದಿ ಕಾರ್ಡು. ದಪ್ಪಕ್ಷರದಲ್ಲಿ ಕಂಪನಿಯ ಹೆಸರು, ಕೆಳಗೆ ಕೋಟಿಗಳ ಲೆಕ್ಕ, ‘ಸ್ಪರ್ಧಾ ಆಯೋಗದ ಚಾಟಿ ಏಟು’ ಅಂತ ತಲೆಬರಹ. (ಕಂಪನಿಗಳು ಕೂಡಿಕೊಂಡು ಬೆಲೆ ಏರಿಸಿದರೆ, ಬೇರೆಯವರನ್ನು ಮಾರುಕಟ್ಟೆಗೆ ಬಿಡದಿದ್ದರೆ ದಂಡ ಹಾಕುವ ಸರ್ಕಾರಿ ಸಂಸ್ಥೆ ಅದು.) ನನ್ನ ಕಸುಬು ಗೊತ್ತಿರುವ ಕೆಲವರು ‘ಈಗ ಸಮಾಧಾನ ಆಯ್ತಾ ಸಾರ್?’ ಅಂತ ಟ್ಯಾಗ್ ಬೇರೆ ಮಾಡಿದ್ದೀರಿ. ಆಗಿಲ್ಲ ಮಾರಾಯ್ರೇ. ದಂಡ ವಿಧಿಸಿದ ದಿನ ಪಟಾಕಿ ಹಚ್ಚುವ ನೀವು ಅದು ವಸೂಲಾಯಿತಾ ಅಂತ ಒಂದು ಸಲವಾದರೂ ತಿರುಗಿ ನೋಡಿದ್ದೀರಾ?

ಸಿಮೆಂಟ್ ಪ್ರಕರಣವನ್ನೇ ನೋಡಿ. ಬಿಲ್ಡರ್‌ಗಳ ಸಂಘ ದೂರು ಕೊಟ್ಟಿದ್ದು 2010ರಲ್ಲಿ. ಕಂಪನಿಗಳು ತಮ್ಮ ಸಂಘದ ಮೂಲಕ ಬೆಲೆ ಮತ್ತು ಉತ್ಪಾದನೆಯ ಮಾಹಿತಿ ಹಂಚಿಕೊಂಡವು, ಕಾರ್ಖಾನೆಗೆ ಸಾಮರ್ಥ್ಯವಿದ್ದೂ ಉತ್ಪಾದನೆ ತಗ್ಗಿಸಿದವು ಎಂದು 2012ರ ಜೂನ್‌ನಲ್ಲಿ ಆಯೋಗ ತೀರ್ಮಾನಿಸಿತು. ದಂಡ ಸುಮಾರು 6,300 ಕೋಟಿ ರೂಪಾಯಿ. ಆಗಲೂ ಪಟಾಕಿ ಹೊಡೆದಿದ್ದಿರಿ. 2015ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಇಡೀ ಆದೇಶವನ್ನೇ ರದ್ದು ಮಾಡಿತು. ಕಾರ್ಟೆಲ್, ಅಂದರೆ ಕಂಪನಿಗಳ ಒಳ ಒಪ್ಪಂದ, ಇರಲಿಲ್ಲ ಅಂತ ಅಲ್ಲ. ವಾದ ಕೇಳಲು ಕೂರದ ಆಯೋಗದ ಅಧ್ಯಕ್ಷರು ಆದೇಶಕ್ಕೆ ಸಹಿ ಹಾಕಿದ್ದರು, ಅದಕ್ಕೆ! ವಾದ ಕೇಳಿದವರೇ ತೀರ್ಪು ಕೊಡಬೇಕು ಎಂಬುದು ಕಾನೂನು ಕಾಲೇಜಿನ ಮೊದಲ ವರ್ಷದ ಪಾಠ. ಮತ್ತೆ ವಿಚಾರಣೆ ನಡೆದು 2016ರಲ್ಲಿ ಹೊಸ ಆದೇಶ ಬಂತು, 2018ರ ಜುಲೈನಲ್ಲಿ ಎನ್‌ಸಿಎಲ್‌ಎಟಿ (ಈಗ ಆಯೋಗದ ಆದೇಶಗಳ ಮೇಲ್ಮನವಿ ಕೇಳುವ ನ್ಯಾಯಮಂಡಳಿ) ಅದನ್ನು ಎತ್ತಿಹಿಡಿಯಿತು. ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಗಳನ್ನು ಸ್ವೀಕರಿಸಿತು. ಕಂಪನಿಗಳು ದಂಡದ ಶೇ 10ರಷ್ಟು ಠೇವಣಿ ಇಟ್ಟರೆ ಸಾಕು ಎಂಬ ಏರ್ಪಾಡು ಮುಂದುವರಿಯಿತು. ಎಂಟು ವರ್ಷಕ್ಕೆ ಹತ್ತರಲ್ಲೊಂದು ಪಾಲು, ಅದೂ ಠೇವಣಿ.

ಇದು ತಡದ ಕಥೆ. ಕೋಟಿ ಕರಗುವ ಕಥೆ ಬೇರೆಯೇ ಇದೆ. ಧಾನ್ಯಕ್ಕೆ ಹುಳ ಹಿಡಿಯದಂತೆ ಗೋದಾಮಿನಲ್ಲಿ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗೆ 2009ರಲ್ಲಿ ಆಹಾರ ನಿಗಮ ಟೆಂಡರ್ ಕರೆಯಿತು. ಮೂರು ಕಂಪನಿಗಳು ಬರೆದ ದರ ಒಂದೇ: ಕೆಜಿಗೆ 388 ರೂಪಾಯಿ. ಎಂಥ ಕಾಕತಾಳೀಯ ನೋಡಿ! ಆಯೋಗ ಸರಾಸರಿ ವಹಿವಾಟಿನ ಶೇ 9ರಷ್ಟು ದಂಡ ಹಾಕಿತು. ದೊಡ್ಡ ಕಂಪನಿಗೆ ಅದು 252 ಕೋಟಿ. ಮೇಲ್ಮನವಿಯಲ್ಲಿ ಕಂಪನಿ ಕೇಳಿದ್ದು ಒಂದೇ ಪ್ರಶ್ನೆ: ಯಾವ ವಹಿವಾಟಿನ ಶೇ 9? ತಪ್ಪು ಮಾಡಿದ್ದು ಮಾತ್ರೆಯಲ್ಲಿ, ಲೆಕ್ಕ ಹಾಕಿದ್ದು ಇಡೀ ಕಂಪನಿಯ ಮೇಲೆ. ಮಾತ್ರೆಯ ವಹಿವಾಟಿಗಷ್ಟೇ ಲೆಕ್ಕ ಹಾಕಿದಾಗ 252 ಕೋಟಿ ಇದ್ದದ್ದು ಏಳು ಕೋಟಿಯೊಳಗೆ ಬಂತು. 2017ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಸರಿ ಎಂದಿತು. ತತ್ವದಲ್ಲಿ ನನಗೂ ಅದು ತಪ್ಪೆನಿಸುವುದಿಲ್ಲ. ಆದರೆ ಏಳು ಕೋಟಿಗೆ ಯಾರಾದರೂ ಕಾರ್ಡು ಮಾಡಿದರಾ?

ಪ್ರಕರಣ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಕೇಳುವವರಿಗೆ: ಸ್ಪರ್ಧಾ ಕಾಯ್ದೆಯ ಸೆಕ್ಷನ್ 19ರಡಿ ಮಾಹಿತಿ, ಅಂದರೆ ದೂರು, ಸಲ್ಲಿಸುತ್ತೀರಿ. ಮೇಲ್ನೋಟಕ್ಕೆ ಹುರುಳಿದೆ ಅನಿಸಿದರೆ ಆಯೋಗ ಸೆಕ್ಷನ್ 26ರಡಿ ಡೈರೆಕ್ಟರ್ ಜನರಲ್‌ಗೆ ತನಿಖೆ ಒಪ್ಪಿಸುತ್ತದೆ. ಈ ಹಂತದ ಆದೇಶಕ್ಕೆ ಮೇಲ್ಮನವಿ ಇಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಮೇಲ್ಮನವಿ ಇಲ್ಲದಿದ್ದರೇನು, ಹೈಕೋರ್ಟಿನಲ್ಲಿ ರಿಟ್ ಇದೆಯಲ್ಲ! ‘ಇದು ಆಯೋಗದ ವ್ಯಾಪ್ತಿಯೇ ಅಲ್ಲ’ ಎಂದು ಅರ್ಜಿ ಹಾಕಿ ತಡೆಯಾಜ್ಞೆ ತಂದರೆ ತನಿಖೆ ಅಲ್ಲಿಗೇ ನಿಂತಿತು. ಸುಪ್ರೀಂ ಕೋರ್ಟಿನ 2018ರ ಏರ್‌ಟೆಲ್ ತೀರ್ಪಿನಲ್ಲಿ, ಮೊದಲು ಟೆಲಿಕಾಂ ನಿಯಂತ್ರಕ ಟ್ರಾಯ್ ತನ್ನ ಪಾಲಿನ ಪ್ರಶ್ನೆಗಳನ್ನು ತೀರ್ಮಾನಿಸಲಿ, ಆಮೇಲೆ ಆಯೋಗ ನೋಡಲಿ ಎಂದಾದ ಮೇಲಂತೂ ಬೇರೆ ನಿಯಂತ್ರಕರಿರುವ ಕ್ಷೇತ್ರದವರಿಗೆಲ್ಲ ಹೊಸ ದಾರಿ ಸಿಕ್ಕಿತು. ಇದೆಲ್ಲ ದಾಟಿದರೆ ಕಡತದ ಯಾವ ಪುಟ ಗೋಪ್ಯ, ಯಾವ ಸಾಕ್ಷಿಯನ್ನು ಪಾಟೀಸವಾಲಿಗೆ ಕೊಡಬೇಕು ಎಂಬ ಜಗಳ. ಇಷ್ಟರಲ್ಲಿ ದೂರು ಕೊಟ್ಟ ಸಣ್ಣ ಕಂಪನಿ ಬಾಗಿಲು ಹಾಕಿಕೊಂಡಿದ್ದರೂ ಆಶ್ಚರ್ಯವಿಲ್ಲ.

‘ಹಾಗಾದರೆ ದಂಡವೇ ಬೇಡ ಅಂತೀರಾ? ಭಯವಾದರೂ ಬೇಡವೇ?’ ಬೇಕು ಸ್ವಾಮಿ. ಆದರೆ ಆ ಭಯ ಕೂತಿರುವ ಜಾಗ ನೋಡಬೇಕೆಂದರೆ ಯಾವುದಾದರೂ ಕಂಪನಿಯ ವಾರ್ಷಿಕ ವರದಿಯ ಹಿಂಭಾಗ ತಿರುವಿ. ‘ಸಂಭಾವ್ಯ ಹೊಣೆಗಾರಿಕೆ’ ಎಂಬ ಟಿಪ್ಪಣಿಯಲ್ಲಿ, ‘ಗೆಲ್ಲುವ ವಿಶ್ವಾಸವಿದೆ ಎಂದು ವಕೀಲರು ಸಲಹೆ ಕೊಟ್ಟಿದ್ದಾರೆ’ ಎಂಬ ಸಾಲಿನ ಜೊತೆ ತಣ್ಣಗೆ ಮಲಗಿರುತ್ತದೆ. 2023ರ ತಿದ್ದುಪಡಿ ಬಂದ ಮೇಲೆ ಮೇಲ್ಮನವಿಗೆ ಹೋಗುವವರು ದಂಡದ ಶೇ 25ರಷ್ಟನ್ನು ಮೊದಲೇ ಠೇವಣಿ ಇಡಬೇಕು. ಅಷ್ಟು ಸುಧಾರಣೆ ಆಗಿದೆ, ಒಪ್ಪುತ್ತೇನೆ.

ನನ್ನ ತಕರಾರು ಇಷ್ಟೇ: ಮಾರುಕಟ್ಟೆ ಬದಲಾಗುವುದು ದಂಡದಿಂದಲ್ಲ, ಅದರ ಜೊತೆ ಬರುವ ನಿರ್ದೇಶನಗಳಿಂದ. ಗೂಗಲ್‌ನ ಆಂಡ್ರಾಯ್ಡ್ ಪ್ರಕರಣ ನೆನಪಿದೆಯಲ್ಲ? 2022ರ ಅಕ್ಟೋಬರ್, 1,337.76 ಕೋಟಿ. 2023ರ ಮಾರ್ಚ್‌ನಲ್ಲಿ ಎನ್‌ಸಿಎಲ್‌ಎಟಿ ಒಂದು ರೂಪಾಯಿಯನ್ನೂ ಕಡಿತ ಮಾಡದೆ ದಂಡ ಎತ್ತಿಹಿಡಿಯಿತು, ‘ಗೂಗಲ್‌ಗೆ ಮುಖಭಂಗ’ ಅಂತ ನೀವೂ ಹಂಚಿದಿರಿ. ಅದೇ ತೀರ್ಪು ಆಯೋಗದ ಹತ್ತು ನಿರ್ದೇಶನಗಳಲ್ಲಿ ನಾಲ್ಕನ್ನು ಹೊಡೆದುಹಾಕಿತ್ತು. ಯಾವ ನಾಲ್ಕು? ಫೋನಿನ ಜೊತೆಗೇ ಬರುವ ಆ್ಯಪ್‌ಗಳನ್ನು ತೆಗೆದುಹಾಕಲು ಬಿಡಬೇಕು; ಬೇರೆಯವರ ಆ್ಯಪ್ ಸ್ಟೋರ್‌ಗಳಿಗೆ ಪ್ಲೇ ಸ್ಟೋರ್ ಒಳಗೆ ಜಾಗ ಕೊಡಬೇಕು; ಪ್ಲೇ ಸ್ಟೋರ್ ಹೊರಗಿನಿಂದ ಆ್ಯಪ್ ಹಾಕಿಕೊಳ್ಳುವುದಕ್ಕೆ ಅಡ್ಡಿ ಮಾಡಬಾರದು; ಪ್ಲೇ ಸರ್ವಿಸಸ್ ಎಪಿಐಗಳನ್ನು (ಆ್ಯಪ್‌ಗಳು ಗೂಗಲ್‌ನ ಸೇವೆ ಬಳಸುವ ಕೊಂಡಿಗಳನ್ನು) ಬೇರೆಯವರಿಗೆ ನಿರಾಕರಿಸಬಾರದು. ಹೊಸ ಸ್ಪರ್ಧಿಯೊಬ್ಬ ಒಳಗೆ ಬರುವ ಬಾಗಿಲುಗಳೇ ಇವು! ದುಡ್ಡು ಉಳಿಯಿತು, ಬಾಗಿಲು ಹೋಯಿತು, ನಮ್ಮವರು ದುಡ್ಡು ಎಣಿಸಿ ಖುಷಿಪಟ್ಟರು. ನನಗೆ ಸಿಟ್ಟು ಬರದೆ ಇನ್ನೇನು ಬರಬೇಕು?

ಇದಕ್ಕೆ ತದ್ವಿರುದ್ಧದ್ದು ಬ್ಯಾಟರಿ ಪ್ರಕರಣ. ಟಾರ್ಚು, ರಿಮೋಟಿಗೆ ಹಾಕುವ ಸೆಲ್‌ಗಳ ಬೆಲೆಯನ್ನು ಎವರೆಡಿ, ನಿಪ್ಪೋ, ಪ್ಯಾನಾಸೋನಿಕ್ ಕೂಡಿ ನಿಗದಿ ಮಾಡುತ್ತಿದ್ದವು. 2016ರಲ್ಲಿ ಪ್ಯಾನಾಸೋನಿಕ್ ತಾನೇ ಆಯೋಗದ ಬಾಗಿಲಿಗೆ ಹೋಗಿ ಒಪ್ಪಿಕೊಂಡಿತು. ಸೆಕ್ಷನ್ 46ರಲ್ಲಿ ಅದಕ್ಕೆ ದಾರಿ ಇದೆ: ಮೊದಲು ಬಾಯಿಬಿಟ್ಟವರಿಗೆ ದಂಡದಲ್ಲಿ ಶೇ 100ರವರೆಗೆ, ಎರಡನೆಯವರಿಗೆ 50, ಮೂರನೆಯವರಿಗೆ 30ರವರೆಗೆ ವಿನಾಯಿತಿ. 2018ರ ಏಪ್ರಿಲ್‌ಗೆ ಆದೇಶವೇ ಬಂತು. ಪ್ಯಾನಾಸೋನಿಕ್ ಕಟ್ಟಿದ ದಂಡ ಸೊನ್ನೆ. ‘ಕಳ್ಳನನ್ನು ಬಿಟ್ಟುಬಿಟ್ಟರು’ ಅಂತ ಬೈದವರಿದ್ದಾರೆ. ಆ ಸೊನ್ನೆ ಇಲ್ಲದಿದ್ದರೆ ಉಳಿದ ಇಬ್ಬರು ಕೂತ ಕೋಣೆಯ ಒಳಗಿನ ಮಾತು ನಿಮಗೆ ಯಾರು ತಂದುಕೊಡುತ್ತಿದ್ದರು? ಕಾರ್ಟೆಲ್‌ನವರು ಒಪ್ಪಂದವನ್ನು ಛಾಪಾ ಕಾಗದದಲ್ಲಿ ಬರೆದು ನೋಂದಣಿ ಮಾಡಿಸುವುದಿಲ್ಲ.

ಹಾಗಾಗಿ ಆದೇಶ ಬಂದಾಗ ಕೊನೆಯ ಪುಟಗಳಿಗೆ ಹೋಗಿ ‘ಇನ್ನು ಮುಂದೆ ಹೀಗೆ ಮಾಡತಕ್ಕದ್ದಲ್ಲ’ ಎಂಬ ಸಾಲುಗಳನ್ನು ಓದಿ. ಅದಕ್ಕೆ ತಡೆ ಸಿಕ್ಕಿತಾ ಎಂದು ಎರಡು ತಿಂಗಳು ಬಿಟ್ಟು ನೋಡಿ, ಮೇಲ್ಮನವಿಗೆ ಇರುವ ಅವಧಿ ಅಷ್ಟೇ. ತನಿಖೆ ನಡೆಯುತ್ತಿರುವಾಗಲೇ ತಡೆಯಲು ಸೆಕ್ಷನ್ 33ರಲ್ಲಿ ಮಧ್ಯಂತರ ಆದೇಶದ ಅಧಿಕಾರವಿದೆ, ಅದನ್ನು ಯಾಕೆ ಬಳಸಲಿಲ್ಲ ಅಂತ ಕೇಳಿ.

ಅಂದಹಾಗೆ, ‘ಈಗ ಜಗತ್ತಿನಾದ್ಯಂತದ ವಹಿವಾಟಿನ ಶೇ 10 ದಂಡ’ ಅಂತ ಬರೆದವರಿಗೆ ಒಂದು ಮಾತು. ಆಯೋಗದ 2024ರ ದಂಡದ ಮಾರ್ಗಸೂಚಿ ಓದಿ. ಲೆಕ್ಕ ಶುರುವಾಗುವುದು ಈಗಲೂ ಸಂಬಂಧಪಟ್ಟ ಸರಕಿನ ಸರಾಸರಿ ವಹಿವಾಟಿನಿಂದಲೇ, ಗರಿಷ್ಠ ಅದರ ಶೇ 30. ಜಾಗತಿಕ ಶೇ 10 ಎನ್ನುವುದು ಮೇಲಿನ ಮಿತಿ. ಕಾರ್ಡಿನಲ್ಲಿ ಅದನ್ನೂ ಒಂದು ಸಾಲು ಹಾಕಿಸಿ, ಆಮೇಲೆ ನನ್ನನ್ನು ಟ್ಯಾಗ್ ಮಾಡಿ.