ಫ್ಯೂರಿ ಬಿದ್ದದ್ದು ನಿಜ, ಸೋತದ್ದು ಸುಳ್ಳು

ಕಲಬುರಗಿಯ ನಮ್ಮ ತಾಲೀಮಿನ ಹುಡುಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೂರು ದಿನದಿಂದ ಒಂದು ವಿಡಿಯೊ ಓಡಾಡುತ್ತಿದೆ: ‘ಯುಎಫ್‌ಸಿಯಲ್ಲಿ ಸೋತು ಬೆಲ್ಟ್ ಕಳಕೊಂಡ ಫ್ರಾನ್ಸಿಸ್ ಎನ್‌ಗಾನು, ಬಾಕ್ಸಿಂಗ್‌ನಲ್ಲಿ ಟೈಸನ್ ಫ್ಯೂರಿಯನ್ನೇ ಸೋಲಿಸಿದ.’ ಯುಎಫ್‌ಸಿ ಎಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಕೂಡಿದ ಮಿಶ್ರ ಕಾಳಗದ ಕೂಟ; ಫ್ಯೂರಿ ಬ್ರಿಟನ್ನಿನ ಹೆವಿವೇಟ್ ಬಾಕ್ಸರ್. ವಿಡಿಯೊದ ಎರಡೂ ಮಾತು ತಪ್ಪು.

ದೃಶ್ಯ ಅಸಲಿ. 2023ರ ಅಕ್ಟೋಬರ್ 28, ರಿಯಾದ್, ಮೂರನೇ ಸುತ್ತು. ಎನ್‌ಗಾನುವಿನ ಎಡಗೈ ಹೊಡೆತಕ್ಕೆ ಫ್ಯೂರಿ ನೆಲಕ್ಕೆ ಬೀಳುತ್ತಾನೆ. ನಮ್ಮ ಜಾತ್ರೆ ಕುಸ್ತಿಯಲ್ಲಿ ಚಿತ್ ಆದರೆ ಮುಗಿಯಿತು, ಹಲಗೆ ಬಾರಿಸಿ ಗೆದ್ದವನನ್ನು ಹೆಗಲ ಮೇಲೆ ಎತ್ತುತ್ತೇವೆ. ಬಾಕ್ಸಿಂಗ್‌ನಲ್ಲಿ ಹಾಗಲ್ಲ, ರೆಫ್ರಿ ಹತ್ತು ಎಣಿಸುವುದರೊಳಗೆ ಎದ್ದರೆ ಪಂದ್ಯ ಮುಂದುವರಿಯುತ್ತದೆ. ಫ್ಯೂರಿ ಎದ್ದ. ಹತ್ತು ಸುತ್ತಿನ ಬಳಿಕ ಮೂವರು ತೀರ್ಪುಗಾರರಲ್ಲಿ ಇಬ್ಬರು ಫ್ಯೂರಿ ಪರ, ಒಬ್ಬರು ಎನ್‌ಗಾನು ಪರ. ಹರಿದಾಡುವ ವಿಡಿಯೊ ಎಣಿಕೆಗೆ ಮೊದಲೇ ಕತ್ತರಿಸಿದ್ದು.

ಇನ್ನು ಬೆಲ್ಟ್, ಅಂದರೆ ಯುಎಫ್‌ಸಿಯ ಹೆವಿವೇಟ್ ಪಟ್ಟ. 2021ರ ಮಾರ್ಚ್‌ನಲ್ಲಿ ಎನ್‌ಗಾನು ಸ್ಟೀಪೆ ಮಿಯೊಚಿಚ್‌ನನ್ನು ಎರಡನೇ ಸುತ್ತಿನಲ್ಲಿ ಕೆಡವಿ ಅದನ್ನು ಗೆದ್ದ. 2022ರ ಜನವರಿಯಲ್ಲಿ ಸಿರಿಲ್ ಗಾನ್ ಎದುರು ಉಳಿಸಿಕೊಂಡ. 2023ರ ಜನವರಿಯಲ್ಲಿ ಯುಎಫ್‌ಸಿ ಜತೆ ಒಪ್ಪಂದ ಕುದುರದೆ ಹೊರಬಂದ. ಅಖಾಡದಲ್ಲಿ ಅದನ್ನು ಯಾರೂ ಕಸಿಯಲಿಲ್ಲ. ಕ್ಯಾಮರೂನ್‌ನ ಮರಳು ಗಣಿಯಲ್ಲಿ ಬಾಲಕನಾಗಿದ್ದಾಗಲೇ ದುಡಿದವನು ಗಳಿಸಿದ ಪಟ್ಟ ಅದು. ‘ಸೋತು ಕಳಕೊಂಡ’ ಎಂದರೆ ಅನ್ಯಾಯ.

ಫಾರ್ವರ್ಡ್ ಮಾಡಿದ ತಮ್ಮಂದಿರು ಇದನ್ನೂ ಅದೇ ಗುಂಪಿಗೆ ಹಾಕ್ರಪ್ಪ.