ಹೋಲ್ಡಾನ್ ಎಂದ ಮೇಲೆ

ಕಳೆದ ಮಳೆಗಾಲದಲ್ಲಿ ಅಕ್ಕ ಬರುತ್ತಿದ್ದ ವಿಮಾನ ಶಿವಮೊಗ್ಗ ವಿಮಾನ ನಿಲ್ದಾಣವಿರುವ ಸೋಗಾನೆಯ ಮೋಡದೊಳಗೆ ಸದ್ದು ಮಾಡಿ, ಇಳಿಯದೆ ಬೆಂಗಳೂರಿಗೆ ಮರಳಿತು. ಕಾಯುತ್ತಿದ್ದವರಲ್ಲಿ ಒಬ್ಬರು, "ಇಷ್ಟು ಮಳೆಗೇ ಹೆದರುವವನನ್ನು ಪೈಲಟ್ ಮಾಡಿದವರು ಯಾರು? ನಮ್ಮ ಆಗುಂಬೆ ಘಾಟಿಯ ಡ್ರೈವರುಗಳನ್ನು ನೋಡಿ ಕಲಿಯಲಿ" ಎಂದರು. ಸುತ್ತಲಿದ್ದವರು ನಕ್ಕರು. ನನಗೆ ಸಿಟ್ಟು ಬಂತು. ನನ್ನ ಅಪ್ಪ ಅದೇ ಘಾಟಿಯಲ್ಲಿ ವರ್ಷಗಟ್ಟಲೆ ಬಸ್ ಓಡಿಸಿದವರು.

2010ರ ಮೇ 22ರ ಬೆಳಗನ್ನು ನಾವು ಇಷ್ಟು ಬೇಗ ಮರೆತೆವೇ? ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. 166 ಜನರಲ್ಲಿ ಬದುಕಿದವರು ಎಂಟೇ ಮಂದಿ. ಗುಡ್ಡದ ನೆತ್ತಿಯ ರನ್‌ವೇ, ಅದಕ್ಕೇ ಹೀಗಾಯಿತು ಎಂದು ಈಗಲೂ ಹೇಳುವವರಿದ್ದಾರೆ. ಏರ್ ಮಾರ್ಷಲ್ ಗೋಖಲೆ ನೇತೃತ್ವದ ತನಿಖೆಯ ವರದಿ ಬೇರೆಯೇ ಕಥೆ ಹೇಳುತ್ತದೆ. ಅಂದು ಆರು ಕಿಲೋಮೀಟರ್ ದೂರ ಕಣ್ಣು ಹಾಯುತ್ತಿತ್ತು, ಗಾಳಿಯೂ ಇರಲಿಲ್ಲ. ಕ್ಯಾಪ್ಟನ್ ದಾರಿಯುದ್ದಕ್ಕೂ ಬಹು ಹೊತ್ತು ನಿದ್ದೆ ಮಾಡಿದ್ದರು. ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ಗೊರಕೆ ಕೇಳಿಸುತ್ತದೆ. ಎದ್ದ ಮೇಲೂ ಮಂಪರು ಇಳಿದಿರಲಿಲ್ಲ. ಮಂಗಳೂರಿನ ರಾಡಾರ್ ಕೆಟ್ಟಿದ್ದರಿಂದ ಕೆಳಗಿಳಿಯುವ ಅನುಮತಿಯೂ ತಡವಾಗಿ ಸಿಕ್ಕಿತ್ತು. ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿತ್ತು.

ಸಹಪೈಲಟ್ 'ಗೋ ಅರೌಂಡ್' ಎಂದರು. ಇಳಿಸುವುದು ಬೇಡ, ಮೇಲೇರೋಣ ಎಂದು. ಒಮ್ಮೆಯಲ್ಲ, ಮೂರು ಸಲ. ಯಂತ್ರವೂ ಎಚ್ಚರಿಸುತ್ತಲೇ ಇತ್ತು. ಕ್ಯಾಪ್ಟನ್ ಕೇಳಲಿಲ್ಲ. ಎಂಟು ಸಾವಿರ ಅಡಿಯಷ್ಟಿದ್ದ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಆಗಲೂ ಪೂರ್ತಿ ಬ್ರೇಕ್ ಹಾಕಿದ್ದರೆ ನಿಲ್ಲಿಸಬಹುದಿತ್ತಂತೆ. ಅವರು ಮತ್ತೆ ಹಾರಿಸಲು ನೋಡಿದರು.

ನನ್ನನ್ನು ಕಾಡುವುದು ವರದಿಯ ಇನ್ನೊಂದು ಮಾತು. ಸಹಪೈಲಟ್ ಹೇಳಿದರೇ ಹೊರತು ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ. ಅವರಿಗೆ ಆ ಅಧಿಕಾರ ಇದೆಯೇ ಎಂಬ ಬಗ್ಗೆ ಸೂಚನೆಗಳೇ ಗೊಂದಲವಾಗಿದ್ದುದು ಬಹುಶಃ ಅದಕ್ಕೆ ಕಾರಣ ಎನ್ನುತ್ತದೆ ವರದಿ. ಅಪಾಯ ಕಂಡವನಿಗೆ ಬಾಯಿ ಇತ್ತು, ಕೈ ಇರಲಿಲ್ಲ.

ಅಪ್ಪನ ಬಸ್ಸಿನಲ್ಲಿ ಒಬ್ಬ ಕ್ಲೀನರ್ ಇದ್ದ, ಮೀಸೆ ಇನ್ನೂ ಮೂಡದ ಹುಡುಗ. ತಿರುವಿನಲ್ಲಿ ಅವನು "ಹೋಲ್ಡಾನ್" ಎಂದು ಬಸ್ಸಿನ ಮೈ ಬಡಿದರೆ ಅಪ್ಪನ ಕಾಲು ಆಗಲೇ ಬ್ರೇಕಿನ ಮೇಲಿರುತ್ತಿತ್ತು. ಯಾಕೆ ಎಂದು ಕೇಳುತ್ತಿದ್ದುದು ಬಸ್ ನಿಂತ ಮೇಲೆ. ಹುಡುಗ ಸುಮ್ಮನೆ ಬೆಚ್ಚಿದ್ದ ದಿನಗಳೂ ಇದ್ದವು; ಅಪ್ಪ ಒಂದು ದಿನವೂ ಅವನನ್ನು ಗದರಲಿಲ್ಲ, ಗದರಿದರೆ ನಾಳೆ ಬಾಯಿ ಬಿಡುವುದಿಲ್ಲ ಎನ್ನುತ್ತಿದ್ದರು. ಒಂದು ಆಷಾಢದ ರಾತ್ರಿ ಮಂಜು ಕವಿದು ದಾರಿ ಕಾಣದಿದ್ದಾಗ ಆಗುಂಬೆಯಲ್ಲೇ ಬಸ್ ನಿಲ್ಲಿಸಿ ಬೆಳಗಿನವರೆಗೆ ಕೂತಿದ್ದರು. ಅಂದೂ ಜನ ಬೈದಿದ್ದರು. ಘಾಟಿಯ ಡ್ರೈವರುಗಳಿಂದ ಕಲಿಯಬೇಕಾದುದೇನು ಎಂದು ಸೋಗಾನೆಯಲ್ಲಿ ನಕ್ಕವರಿಗೆ ನಾನು ಹೇಳಬೇಕಿದ್ದುದು ಇದನ್ನೇ. ಆಗ ಮಾತು ಹೊರಡಲಿಲ್ಲ.

ಅಕ್ಕ ಮರುದಿನ ರೈಲಿನಲ್ಲಿ ಬಂದಳು. ದಿನ ಹಾಳಾಯಿತೆಂದು ರಾತ್ರಿ ಊಟದವರೆಗೂ ಗೊಣಗುತ್ತಿದ್ದಳು. ಗೊಣಗಲಿ ಎಂದು ನಾನು ಅವಳ ತಟ್ಟೆಗೆ ಇನ್ನೊಂದು ಕಡುಬು ಹಾಕಿದೆ.