ನದಿಗೆ ದುಡ್ಡು ಕಟ್ಟಿ ಬಸ್ಸಿನಲ್ಲಿ ಕೂತು ಬಂದೆವು

ಊರಿಗೆ ಬಂದು ಹನ್ನೊಂದು ದಿನ ಆಯಿತು. ಸಿಟ್ಟು ಮಾತ್ರ ಇಳಿದಿಲ್ಲ. ಮೈಸೂರಿನಲ್ಲಿ ಸಿಕ್ಕವರೆಲ್ಲ "ಜರ್ಮನಿ ಹೇಗಿತ್ತು?" ಅಂತ ಕೇಳುತ್ತಾರೆ. ಬಸ್ಸಿನ ಸೀಟು ಚೆನ್ನಾಗಿತ್ತು ಅಂತ ಹೇಳಿ ಮುಂದೆ ಹೋಗುತ್ತೇನೆ.

ನಾವು ದುಡ್ಡು ಕಟ್ಟಿದ್ದು ಎಲ್ಬೆ ನದಿಯ ಹಡಗಿನ ಪ್ರವಾಸಕ್ಕೆ. ತಲೆಗೆ ಮೂರೂಕಾಲು ಲಕ್ಷ. ನಮ್ಮವರು ನಿವೃತ್ತರಾದಾಗ ಬಂದ ಹಣದಲ್ಲಿ ಎತ್ತಿಟ್ಟಿದ್ದು. ಡ್ರೆಸ್ಡೆನ್‌ನಲ್ಲಿ ಹಡಗು ಹತ್ತುವುದು, ಮೈಸೆನ್, ಟೊರ್ಗೌ, ವಿಟೆನ್‌ಬರ್ಗ್ ನೋಡಿಕೊಂಡು ಮಾಗ್ಡೆಬರ್ಗ್‌ವರೆಗೆ ನೀರಿನ ಮೇಲೆ ಹೋಗುವುದು, ಅಲ್ಲಿಂದ ಬಸ್ಸಿನಲ್ಲಿ ಪಾಟ್ಸ್‌ಡಾಮ್ ಮತ್ತು ಬರ್ಲಿನ್. ಕಾಗದದ ಮೇಲೆ ಎಷ್ಟು ಚೆಂದ, ಅಲ್ವಾ?

ಹಡಗು ಹತ್ತಿದ್ದೇನೋ ನಿಜ. ಸಾಮಾನು ಇಟ್ಟೆವು, ಕಿಟಕಿ ಪರದೆ ಸರಿಸಿ ಫೋಟೋ ತೆಗೆದೆವು. ರಾತ್ರಿ ಊಟ ಆದ ಮೇಲೆ ಟೂರ್ ಮ್ಯಾನೇಜರ್ ಮೈಕ್ ಹಿಡಿದ. ನದಿಯಲ್ಲಿ ನೀರು ಕಡಿಮೆ ಇದೆಯಂತೆ, ಹಡಗಿನ ತಳ ನೆಲಕ್ಕೆ ತಾಗುತ್ತದಂತೆ. ಹಾಗಾಗಿ ಹಡಗು ಡ್ರೆಸ್ಡೆನ್ ಬಿಟ್ಟು ಕದಲುವುದಿಲ್ಲ. ಮಲಗುವುದು ಇಲ್ಲೇ, ಸುತ್ತುವುದು ಬಸ್ಸಿನಲ್ಲಿ. ಐದು ರಾತ್ರಿ ಹಗ್ಗ ಕಟ್ಟಿ ನಿಲ್ಲಿಸಿದ ಹಡಗಿನಲ್ಲಿ ಮಲಗಿದೆವು. ಅದಕ್ಕಿಂತ ದೊಡ್ಡ ಕೋಣೆ ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜ್‌ನಲ್ಲೂ ಸಿಗುತ್ತದೆ.

ನಾನು ಎದ್ದು ಕೇಳಿದೆ, ಇದು ನಿಮಗೆ ಮೊದಲೇ ಗೊತ್ತಿರಲಿಲ್ವಾ ಅಂತ. "ಆಂಟಿ, ಪ್ರಕೃತಿ ನಮ್ಮ ಕೈಯಲ್ಲಿ ಇಲ್ಲ. ಬಸ್ಸಿನಿಂದಲೂ ನದಿ ಚೆನ್ನಾಗಿ ಕಾಣತ್ತೆ" ಅಂದ.

ಪ್ರಕೃತಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದು ಸುಲಭ. ಆ ರಾತ್ರಿ ನಿದ್ದೆ ಬರದೆ ಫೋನ್ ಹಿಡಿದು ಓದುತ್ತಾ ಕೂತೆ. ಜರ್ಮನಿಯ ಒಳಗೆ ಎಲ್ಬೆಗೆ ಇರುವುದು ಒಂದೇ ಒಂದು ಕಟ್ಟೆ. ಅದೂ ಕೊನೆಯಲ್ಲಿ, ಹ್ಯಾಂಬರ್ಗ್ ಹತ್ತಿರದ ಗೀಸ್ಟಾಕ್ಟ್‌ನಲ್ಲಿ. ಅದಕ್ಕೆ ಮೇಲಿನ ನೂರಾರು ಕಿಲೋಮೀಟರ್ ನೀರನ್ನು ತಡೆದು ನಿಲ್ಲಿಸುವುದು ಏನೂ ಇಲ್ಲ. ಮಳೆ ಬಂದರೆ ನೀರು, ಇಲ್ಲದಿದ್ದರೆ ಮರಳು. ಬೇಸಿಗೆ ಕೊನೆಯಲ್ಲಿ ಹಡಗು ನಿಲ್ಲುವುದು ಅಲ್ಲಿ ಹೊಸ ಸುದ್ದಿಯೇ ಅಲ್ಲ. ಗಡಿಯಾಚೆ ಚೆಕ್ ದೇಶದ ದೆಚಿನ್‌ನಲ್ಲಿ ನದಿಯೊಳಗೆ ಒಂದು ಬಂಡೆ ಇದೆ. ನೀರು ಇಳಿದಾಗ ಮಾತ್ರ ಮೇಲೆ ಕಾಣುತ್ತದೆ. ಹಸಿವಿನ ಕಲ್ಲು ಅಂತ ಹೆಸರು. 1616 ಅಂತ ಇಸವಿ ಕೆತ್ತಿದ್ದಾರೆ. "ನನ್ನನ್ನು ಕಂಡರೆ ಅಳು" ಅಂತಲೂ ಜರ್ಮನ್‌ನಲ್ಲಿ ಬರೆದಿದೆ. ಕಲ್ಲಿಗೆ ನಾನೂರು ವರ್ಷದಿಂದ ಗೊತ್ತಿರುವ ವಿಷಯ ಈ ಕಂಪನಿಗೆ ಗೊತ್ತಿಲ್ಲವಂತೆ! ಗೊತ್ತಿತ್ತು, ಚೆನ್ನಾಗಿಯೇ ಗೊತ್ತಿತ್ತು. ಒಪ್ಪಂದದ ಹದಿನಾಲ್ಕನೇ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ನೀರಿನ ಮಟ್ಟ ನೋಡಿ ಬದಲಾವಣೆ ಮಾಡುವ ಹಕ್ಕು ತಮಗಿದೆ ಅಂತ ಬರೆದುಕೊಂಡಿದ್ದಾರೆ. ಎದುರು ಕೂತು ಚಹಾ ಕುಡಿಸಿ ಸಹಿ ಹಾಕಿಸಿಕೊಂಡ ಹುಡುಗಿ ಆ ಪುಟ ತೆರೆಯಲೇ ಇಲ್ಲ.

ಆಮೇಲೆ ಶುರುವಾಯಿತು ನೋಡಿ ಓಟ. ನಲವತ್ತೆರಡು ಜನ, ಒಂದು ಬಸ್. ಮೈಸೆನ್‌ಗೆ ಹೋದೆವು. ಯುರೋಪಿನಲ್ಲಿ ಮೊದಲು ಗಟ್ಟಿ ಪಿಂಗಾಣಿಯ ಕಾರ್ಖಾನೆ ಶುರುವಾದ ಊರು ಅದು, 1710ರಲ್ಲಿ, ನದಿಯ ಮೇಲಿನ ಗುಡ್ಡದ ಆಲ್ಬ್ರೆಕ್ಟ್ಸ್‌ಬರ್ಗ್ ಕೋಟೆಯಲ್ಲಿ. ಆ ಕೋಟೆಯನ್ನು ಬಸ್ಸಿನಿಂದ ಬೆರಳು ಮಾಡಿ ತೋರಿಸಿದರು. ಇಳಿಸಿದ್ದು ಈಗಿನ ಕಾರ್ಖಾನೆ ಬಾಗಿಲಲ್ಲಿ. ಅಲ್ಲಿ ಅಂಗಡಿ ಇದೆ ನೋಡಿ. ನೀಲಿ ಬಣ್ಣದ ಎರಡು ಕತ್ತಿಯ ಗುರುತಿರುವ ಒಂದು ಬಟ್ಟಲಿನ ಬೆಲೆ ಕೇಳಿ ಮೆಲ್ಲಗೆ ಅಲ್ಲೇ ಇಟ್ಟೆ. ವಿಟೆನ್‌ಬರ್ಗ್‌ಗೆ ಎರಡು ಗಂಟೆಗೂ ಜಾಸ್ತಿ ದಾರಿ. ಹೈವೇ ಪಕ್ಕದ ಟಾಯ್ಲೆಟ್‌ನಲ್ಲಿ ತಲೆಗೊಂದು ಯೂರೋ ಹಾಕಿ ಎಲ್ಲರೂ ಹೋಗಿ ಬರುವಷ್ಟರಲ್ಲಿ ನಲವತ್ತು ನಿಮಿಷ. ಕ್ರೈಸ್ತ ಧರ್ಮಸುಧಾರಕ ಲೂಥರ್ 1517ರಲ್ಲಿ ಚರ್ಚನ್ನು ಪ್ರಶ್ನಿಸಿ ತನ್ನ 95 ವಾದಗಳನ್ನು ಅಂಟಿಸಿದ ಎನ್ನುವ ಚರ್ಚಿನ ಬಾಗಿಲಿಗೆ ಇಪ್ಪತ್ತೈದು ನಿಮಿಷ. ಆ ಬಾಗಿಲೂ ಹಳೆಯದಲ್ಲ, 1858ರಲ್ಲಿ ಕೂರಿಸಿದ ಕಂಚಿನದು. ಒಳಗೆ ಲೂಥರ್ ಸಮಾಧಿ ಇತ್ತು. ಅದನ್ನು ನೋಡಲು ಟೈಮ್ ಇರಲಿಲ್ಲ.

ಡ್ರೈವರ್ ಬಗ್ಗೆ ನನಗೆ ಒಂದು ಮಾತೂ ಇಲ್ಲ. ಪಾಪ, ಒಳ್ಳೆಯ ಮನುಷ್ಯ. ನನ್ನ ಮಂಡಿ ನೋವು ನೋಡಿ ದಿನಾ ಪುಟ್ಟ ಸ್ಟೂಲ್ ತಂದು ಇಡುತ್ತಿದ್ದ.

ನನಗೆ ಹೊಟ್ಟೆ ಉರಿದದ್ದು ಟೊರ್ಗೌ ವಿಷಯಕ್ಕೆ. ನಮ್ಮವರು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟವರು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1945ರ ಏಪ್ರಿಲ್ 25ರಂದು, ಟೊರ್ಗೌನ ಎಲ್ಬೆ ದಂಡೆಯಲ್ಲಿ ಆ ಕಡೆಯಿಂದ ಅಮೆರಿಕದ ಸೈನಿಕರು, ಈ ಕಡೆಯಿಂದ ರಷ್ಯದವರು ಬಂದು ಕೈ ಕುಲುಕಿದ ಕತೆಯನ್ನು ಎಷ್ಟು ಸಲ ಹೇಳಿದ್ದಾರೋ. ಈ ಪ್ರವಾಸ ಆರಿಸಿದ್ದೇ ಆ ಒಂದು ದಂಡೆಗಾಗಿ. ಬಸ್ಸಿಗೆ ಸುತ್ತು ಆಗುತ್ತದೆ ಅಂತ ಟೊರ್ಗೌ ಹೆಸರನ್ನೇ ಹೊಡೆದು ಹಾಕಿದರು. ಇವರು ಏನೂ ಹೇಳಲಿಲ್ಲ. ಮನೆಯಿಂದ ತಂದ ನಕ್ಷೆಯನ್ನು ಮಡಚಿ ಜೇಬಿಗೆ ಇಟ್ಟುಕೊಂಡರು. ಜಗಳ ಆಡಿದ್ದರೆ ನನಗೆ ಇಷ್ಟು ಬೇಜಾರು ಆಗುತ್ತಿರಲಿಲ್ಲ.

ಇನ್ನು ಊಟ. ಸಸ್ಯಾಹಾರ ಅಂದರೆ ಬೇಯಿಸಿದ ಆಲೂಗಡ್ಡೆ. ಚಟ್ನಿಪುಡಿ ಕಾಪಾಡಿತು. ಸೋಮವಾರ ಮಧ್ಯಾಹ್ನ ಡ್ರೆಸ್ಡೆನ್‌ನ ಚಿತ್ರಶಾಲೆಗೆ ಕರೆದುಕೊಂಡು ಹೋದರು, ಇಟಲಿಯ ಚಿತ್ರಕಾರ ರಫಾಯಲ್‌ನ ದೊಡ್ಡ ಚಿತ್ರ ಇರುವುದು ಅಲ್ಲೇ. ಸೋಮವಾರ ಅಲ್ಲಿ ರಜಾ. ಮುಚ್ಚಿದ ಬಾಗಿಲ ಮುಂದೆ ಗ್ರೂಪ್ ಫೋಟೋ ತೆಗೆದರು!

ಕೊನೆಯ ದಿನ ಪಿಲ್‌ನಿಟ್ಜ್ ಅರಮನೆ. ಅರಮನೆಯಿಂದ ನೀರಿನವರೆಗೆ ಅಗಲವಾದ ಮೆಟ್ಟಿಲು ಇಳಿದಿವೆ. ರಾಜರು ಡ್ರೆಸ್ಡೆನ್‌ನಿಂದ ದೋಣಿಯಲ್ಲಿ ಬಂದು ಅಲ್ಲೇ ಇಳಿಯುತ್ತಿದ್ದರಂತೆ. ನಾವು ಪಾರ್ಕಿಂಗ್‌ನಲ್ಲಿ ಇಳಿದೆವು. ಹತ್ತಿರದ ಗೋಡೆಯ ಮೇಲೆ ನೆರೆ ಬಂದಾಗಿನ ಗುರುತುಗಳಿವೆ. 2002ರ ಆಗಸ್ಟ್‌ನಲ್ಲಿ ಇದೇ ನದಿ ಡ್ರೆಸ್ಡೆನ್‌ನ ಅಳತೆಪಟ್ಟಿಯಲ್ಲಿ 9.40 ಮೀಟರ್ ಮುಟ್ಟಿತ್ತು. ಈಗ ದಂಡೆಯಲ್ಲಿ ಬರೀ ಕಲ್ಲು. ಪಕ್ಕದಲ್ಲೇ ಆಚೆ ದಡಕ್ಕೆ ಹೋಗುವ ಫೆರಿ ನಿಂತಿತ್ತು. ಊರಿನವರು ಸೈಕಲ್ ತಳ್ಳಿಕೊಂಡು ಹತ್ತುತ್ತಿದ್ದರು. "ಬನ್ರೀ" ಅಂತ ಇವರ ಕೈ ಹಿಡಿದು ಎಳೆದೆ. ನಮ್ಮದೇ ದುಡ್ಡಿನಲ್ಲಿ ಟಿಕೆಟ್ ತಗೊಂಡೆವು. ಹೋಗಲು ಕೆಲವು ನಿಮಿಷ, ಬರಲು ಕೆಲವು ನಿಮಿಷ. ಆರೂವರೆ ಲಕ್ಷದ ಎಲ್ಬೆ ಪ್ರವಾಸದಲ್ಲಿ ನಾವು ಎಲ್ಬೆಯ ಮೇಲೆ ಹೋಗಿದ್ದು ಅಷ್ಟೇ. ವಾಪಸ್ ಬಂದಾಗ ಹತ್ತು ನಿಮಿಷ ತಡ ಆಗಿತ್ತು. ಎಲ್ಲರ ಎದುರಿಗೆ ಮ್ಯಾನೇಜರ್ ಶಿಸ್ತಿನ ಬಗ್ಗೆ ಪಾಠ ಮಾಡಿದ. ಮೂವತ್ತೊಂದು ವರ್ಷ ಮೇಷ್ಟ್ರಾಗಿದ್ದವರಿಗೆ!

ಊರಿಗೆ ಬಂದ ಮರುದಿನವೇ ಕಂಪನಿಗೆ ಮೇಲ್ ಬರೆದೆ. ನಿನ್ನೆ ಉತ್ತರ ಬಂತು. ವಿಷಾದ ಇದೆಯಂತೆ, ಹಣ ವಾಪಸ್ ಕೊಡಲು ನಿಯಮ ಇಲ್ಲವಂತೆ. ನಮ್ಮ ಪ್ರೀತಿಗಾಗಿ ಮುಂದಿನ ವರ್ಷ ಇದೇ ಪ್ರವಾಸಕ್ಕೆ ಐದು ಪರ್ಸೆಂಟ್ ರಿಯಾಯಿತಿ ಕೊಡುತ್ತಾರಂತೆ. ಕೆಳಗೆ ಹೊರಡುವ ತಾರೀಖನ್ನೂ ಹಾಕಿದ್ದಾರೆ. ಆಗಸ್ಟ್ 18.